ಕಲ್ಲುಹಕ್ಕಿಯ ಉಸಿರು

ನನ್ನ ಗಂಡನ ಉಸಿರಿಗೆ ಅಭಿಮಾನಿಗಳ ಸಂಘ ಇದೆ ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಮದುವೆಯಾದಾಗಿನಿಂದ ಪಕ್ಕದಲ್ಲೇ ಮಲಗಿ ಆ ಉಸಿರನ್ನೂ ಅದರ ಜತೆಗೆ ಬರುವ ಗೊರಕೆಯನ್ನೂ ಕೇಳಿದವಳು ನಾನು. ಒಂದು ದಿನವೂ ಎದ್ದು ಕೂತು ಚಪ್ಪಾಳೆ ತಟ್ಟಬೇಕು ಅನ್ನಿಸಿರಲಿಲ್ಲ.

ವಿಷಯ ಇಷ್ಟೇ. ನಮ್ಮ ಮದುವೆಗೂ ಮುಂಚೆ ಇವರು ಸಿನಿಮಾ ಸಂಗೀತದ ವಾದ್ಯವೃಂದದಲ್ಲಿ ಹಾರ್ನ್ ಊದುತ್ತಿದ್ದರು. ಲಾರಿಯ ಹಾರ್ನ್ ಅಲ್ಲ. ಹಿತ್ತಾಳೆಯ ಕೊಳವೆಯನ್ನು ಸುರುಳಿ ಸುತ್ತಿ, ಕೊನೆಗೆ ದೊಡ್ಡ ಆಲಿಕೆಯಂತೆ ಬಾಯಿ ಅಗಲಿಸಿದ ವಾದ್ಯ. ಹಾಗೆ ಊದಿದ ಸಿನಿಮಾಗಳಲ್ಲಿ ಒಂದು ‘ಕಲ್ಲುಹಕ್ಕಿ’. ಬೆಟ್ಟದ ತುದಿಯಲ್ಲಿ ಸಾವಿರ ವರ್ಷದಿಂದ ಕಲ್ಲಾಗಿ ಕೂತ ಒಂದು ಹಕ್ಕಿ, ಅದನ್ನು ಎಬ್ಬಿಸಲು ಒಬ್ಬಳೇ ಬೆಟ್ಟ ಹತ್ತುವ ಒಂದು ಹುಡುಗಿ. ಹುಡುಗಿ ಹತ್ತಿದಂತೆ ಸಂಗೀತವೂ ಹತ್ತುತ್ತದೆ. ಅವಳು ಹಕ್ಕಿಯ ಕೊಕ್ಕು ಮುಟ್ಟಿದ ಕೂಡಲೇ ಎಲ್ಲ ನಿಂತುಬಿಡುತ್ತದೆ. ಆ ನಿಶ್ಶಬ್ದದಲ್ಲಿ ಒಂದೇ ಒಂದು ಉಸಿರು ಕೇಳಿಸುತ್ತದೆ, ಯಾರೋ ಎದೆ ತುಂಬ ಗಾಳಿ ಎಳೆದುಕೊಂಡ ಸದ್ದು. ಹಕ್ಕಿ ಕಣ್ಣು ಬಿಡುತ್ತದೆ. ಆಮೇಲೆ ಅಷ್ಟೂ ವಾದ್ಯಗಳು ಒಟ್ಟಿಗೆ ಮೊಳಗುತ್ತವೆ, ಹಕ್ಕಿ ರೆಕ್ಕೆ ಬಿಚ್ಚುತ್ತದೆ. ಅದನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ಈಗ ತಲೆಕೂದಲು ಉದುರಿದೆ. ಆದರೂ ಆ ಜಾಗ ಬಂದರೆ ಇವತ್ತಿಗೂ ಕರ್ಚೀಫು ತೆಗೆಯುತ್ತಾರೆ.

ಆ ಉಸಿರು ಇವರದು.

ಅದರ ಬಗ್ಗೆ ಜನ ಕಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಒಣಬಾವಿಗೆ ಮೈಕು ಇಳಿಸಿ ರೆಕಾರ್ಡ್ ಮಾಡಿದರಂತೆ. ಅದು ಮನುಷ್ಯನದೇ ಅಲ್ಲ, ಗರ್ಭಿಣಿ ಕುದುರೆಯದಂತೆ. ಸಂಗೀತ ನಿರ್ದೇಶಕರು ನೂರು ಜನರ ಉಸಿರು ಕೇಳಿ ಕೊನೆಗೆ ಇವರದನ್ನು ಆರಿಸಿದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಇನ್ನು ಆ ಸಂಗೀತವನ್ನು ತಮ್ಮ ತಮ್ಮ ವಾದ್ಯಕ್ಕೆ ಹೊಂದಿಸಿಕೊಂಡು ನುಡಿಸುವವರದು ಬೇರೆಯೇ ಪ್ರಪಂಚ. ಅಕಾರ್ಡಿಯನ್‌ಗೆ ಹೊಂದಿಸಿದವರಿದ್ದಾರೆ, ಶಾಲೆಮಕ್ಕಳ ಪೀಪಿಗೆ ಹೊಂದಿಸಿದವರಿದ್ದಾರೆ. ಸೈಕಲ್ ಬೆಲ್ಲುಗಳಲ್ಲೇ ಇಡೀ ಬೆಟ್ಟ ಹತ್ತಿಸಿದ ಒಂದು ಗುಂಪೂ ಇದೆ. ಯಾರು ಏನು ಬದಲಾಯಿಸಿದರೂ ಆ ಉಸಿರನ್ನು ಮಾತ್ರ ಮುಟ್ಟುವುದಿಲ್ಲ. ಅವರ ಸಭೆಗಳಲ್ಲಿ ಆ ಜಾಗ ಬಂದಾಗ ಸಭಿಕರೆಲ್ಲ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಅದು ಅವರ ಕಟ್ಟಳೆ.

ಈ ಸಂಘದ ಮುಖ್ಯಸ್ಥ ನಮ್ಮ ರಸ್ತೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಇವರು ಹೊಸ ಗ್ಲಾಸು ಹಾಕಿಸಲು ಹೋದಾಗ ಅವನ ಫೋನು ಅದೇ ರಾಗ ಹೊಡೆದುಕೊಂಡಿದೆ. ಇವರು ಸುಮ್ಮನಿರಬಾರದೇ? “ಆ ಉಸಿರು ನಂದೇನಪ್ಪಾ” ಅಂದಿದ್ದಾರೆ. ಕನ್ನಡಕದವನು ಮೊದಲು ನಕ್ಕನಂತೆ. ಆಮೇಲೆ ಹಳೆಯ ರೆಕಾರ್ಡಿನ ಹೊದಿಕೆ ತಂದು, ಅದರ ಹಿಂದಿನ ಫೋಟೋದಲ್ಲಿ ಹಾರ್ನ್ ಹಿಡಿದು ಕೂತ ಸಣಕಲು ಯುವಕನ ಮೂಗನ್ನೂ ಇವರ ಮೂಗನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡಿ, ಅಂಗಡಿಯಲ್ಲೇ ಕಾಲಿಗೆ ಬಿದ್ದನಂತೆ. ಅವತ್ತಿನಿಂದ ನಮ್ಮ ಮನೆಗೆ ಶನಿ ಕಾಟ ಶುರುವಾಯಿತು.

ಶನಿ ಕಾಟ ಅಂತ ಸುಮ್ಮನೆ ಹೇಳುತ್ತಿಲ್ಲ. ಇವರ ಶ್ವಾಸಕೋಶ ಕೆಟ್ಟಿದೆ. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ದೀಪಕ್ಕೆ ಹಿಡಿದು ನನಗೆ ತೋರಿಸಿದ್ದರು: ಎಡಗಡೆ ಮೇಲ್ಭಾಗದಲ್ಲಿ ಒಂದು ಕಡೆ ಗುಳ್ಳೆಯಂತೆ ಉಬ್ಬಿ ತೆಳುವಾಗಿದೆ. “ಭಾರ ಎತ್ತೋದು ಬೇಡ, ಜೋರಾಗಿ ಕೆಮ್ಮೋದು ಬೇಡ, ಊದೋದಂತೂ ಬೇಡವೇ ಬೇಡ. ಒಡೆದರೆ ಆಸ್ಪತ್ರೆಗೆ ತರೋವರೆಗೂ ಟೈಮ್ ಇರಲ್ಲ” ಅಂದಿದ್ದರು. ನಾನು ಬಟ್ಟೆ ಹೊಲಿಯುವವಳು. ಹಳೆಯ ಕೋಟಿನ ಸವೆದ ಮೊಣಕೈ ನೋಡಿದವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ಇವರು ಒಂದು ಸಲ ಸೀನಿದರೂ ನನ್ನ ಕೈಯಲ್ಲಿನ ಸೂಜಿ ನಿಲ್ಲುತ್ತದೆ.

ಕನ್ನಡಕದವನು ಒಂದು ಸಂಜೆ ಸಿಹಿ ಡಬ್ಬಿ ಹಿಡಿದುಕೊಂಡು ಬಂದ. ಟೌನ್‌ಹಾಲಿನಲ್ಲಿ ‘ಕಲ್ಲುಹಕ್ಕಿ’ ಸಂಜೆ. ಮೊದಲು ಕ್ವಿಜ್, ಆಮೇಲೆ ಅಭಿಮಾನಿಗಳದೇ ದೊಡ್ಡ ವಾದ್ಯಗೋಷ್ಠಿ. ಕೊನೆಯಲ್ಲಿ ಬೆಟ್ಟ ಹತ್ತುವ ಸಂಗೀತ.

“ಸರ್ ಊದೋದೇನೂ ಬೇಡಮ್ಮಾ. ಹಾರ್ನ್ ಹಿಡ್ಕೊಂಡು ಕೂತ್ಕೊಳ್ಳಲಿ. ಆ ಜಾಗ ಬಂದಾಗ ಮೈಕ್ ಮುಂದೆ ಒಂದು ಸಲ ಉಸಿರು ಎಳ್ಕೊಂಡ್ರೆ ಸಾಕು. ನಾವೆಲ್ಲ ಸತ್ತು ಸ್ವರ್ಗಕ್ಕೆ ಹೋಗ್ತೀವಿ.”

“ನೀವು ಹೋಗಿಪ್ಪಾ. ಇವರನ್ನ ಮಾತ್ರ ಕರ್ಕೊಂಡು ಹೋಗ್ಬೇಡಿ” ಅಂದೆ.

ಇವರು ಗೋಡೆ ನೋಡುತ್ತ ಕೂತಿದ್ದರು. ಆಮೇಲೆ, “ಉಸಿರು ತಾನೇ, ಮನೇಲೂ ಎಳೀತೀನಲ್ಲ” ಅಂದರು. ಮಾತು ಸರಿಯಾಗಿಯೇ ಇತ್ತು. ನಾನು ಒಪ್ಪಿಕೊಂಡೆ.

ಅವತ್ತಿಗೆ ಒಂದು ಹೊಸ ಕೋಟು ಹೊಲಿಯಲು ಕೂತೆ. ಕಪ್ಪು ಬಟ್ಟೆ ತಂದು, ಮನೆಯ ಮುಂಭಾಗದ ನನ್ನ ಹೊಲಿಗೆ ಅಂಗಡಿಯ ಕನ್ನಡಿಯ ಮುಂದೆ ಇವರನ್ನು ನಿಲ್ಲಿಸಿ ಟೇಪು ಸುತ್ತಿದೆ. ಹಿಂದೆಲ್ಲ “ಉಸಿರು ಎಳೀರಿ” ಅಂದರೆ ಟೇಪು ಎರಡು ಇಂಚು ಜಾರಿ ಓಡುತ್ತಿತ್ತು. ಈಗ ಕಾಲು ಇಂಚೂ ಅಲುಗಲಿಲ್ಲ. ನನ್ನ ಮುಖ ಕನ್ನಡಿಯಲ್ಲಿ ಕಾಣಿಸಬಾರದೆಂದು ಬಗ್ಗಿ ಕೈ ಅಳತೆ ತೆಗೆಯತೊಡಗಿದೆ.

“ಕಂಕುಳ ಹತ್ರ ಸ್ವಲ್ಪ ಸಡಿಲ ಬಿಡೇ” ಅಂದರು.

“ಯಾಕೆ? ಕೋಟು ಜೋತು ಬೀಳತ್ತೆ.”

“ಎಡಗೈ ಎತ್ತಿದ್ರೆ ಹಿಡಿಯಬಾರದು.”

ಅಳತೆ ಬರೆಯುತ್ತಿದ್ದವಳು ಹಾಗೇ ನಿಂತೆ. ಮಡಿಲಲ್ಲಿ ಹಾರ್ನ್ ಇಟ್ಟುಕೊಂಡು ಉಸಿರೆಳೆಯುವವನಿಗೆ ಎಡ ಮೊಣಕೈ ಎತ್ತುವ ಕೆಲಸವೇನು? ಕಸುಬಿನವಳಿಗೆ ಗಿರಾಕಿಯ ಮನಸ್ಸು ಬಾಯಿಗಿಂತ ಮೊದಲು ಕಂಕುಳಲ್ಲಿ ತಿಳಿಯುತ್ತದೆ. ಕುದುರೆ ಸವಾರಿ ಮಾಡುವವನು ಒಂದು ಥರ ಕೇಳುತ್ತಾನೆ, ಕುರ್ಚಿಯಲ್ಲಿ ಕೂರುವವನು ಇನ್ನೊಂದು ಥರ ಕೇಳುತ್ತಾನೆ. ಇವರು ಊದುವವನ ಕೋಟು ಕೇಳುತ್ತಿದ್ದರು.

ಮೈಯೆಲ್ಲ ಕಿವಿಯಾಗಿ ಕಾದೆ. ಮಾರನೆಯ ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟ ಸದ್ದು. ಅದರ ಹಿಂದೆ ಜೀರುಂಡೆ ಸಿಕ್ಕಿಕೊಂಡಂತೆ ಗುಂಯ್ ಗುಂಯ್. ಬಾಗಿಲು ತಳ್ಳಿದೆ. ಹಾರ್ನಿನಿಂದ ಬಿಚ್ಚಿದ ಬಾಯಿತುಂಡನ್ನು ತುಟಿಗೆ ಒತ್ತಿಕೊಂಡು ನಿಂತಿದ್ದಾರೆ ಮಹಾರಾಯರು, ಕದ್ದು ಬೆಲ್ಲ ತಿನ್ನುವ ಮಗುವಿನ ಹಾಗೆ!

“ಏನ್ರೀ ಇದು?” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ನಲ್ಲಿ ತಿರುಗಿಸಿ ನಿಲ್ಲಿಸಿ ಮತ್ತೆ ಕೇಳಿದೆ. “ಸಾಯ್ಬೇಕು ಅಂತ ಇದೆಯಾ? ಇದ್ರೆ ನೇರವಾಗಿ ಹೇಳಿ, ಕೋಟು ಹೊಲಿಯೋ ಕಷ್ಟ ತಪ್ಪತ್ತೆ.”

ಇವರು ಬಚ್ಚಲ ಕಟ್ಟೆಯ ಮೇಲೆ ಕೂತರು. ಉಸಿರು ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಹೇಳದಿದ್ದ ಮಾತನ್ನು ಒದ್ದೆ ನೆಲ ನೋಡುತ್ತ ಹೇಳಿದರು.

“ಅಲ್ಲಿ ಒಂದು ಸ್ವರ ಇತ್ತು ಕಣೇ.”

“ಎಲ್ಲಿ?”

“ಆ ಉಸಿರಾದ ಮೇಲೆ. ನಂದೊಂದೇ ಹಾರ್ನ್. ಒಂದೇ ಸ್ವರ. ಹಕ್ಕಿ ಕಣ್ಣು ಬಿಡೋ ಸ್ವರ ಅದು. ಎಲ್ಲರೂ ನಿಲ್ಲಿಸ್ತಾರೆ, ನಾನು ಉಸಿರು ತಗೊಂಡು ಊದಬೇಕು. ಅಷ್ಟು ಹೊತ್ತಿಂದ ಮನಸ್ಸಲ್ಲಿ ಎಣಿಸ್ಕೊಂಡೇ ಕೂತಿದ್ದೆ. ಉಸಿರೂ ತಗೊಂಡೆ. ಆಗ ಅನುಮಾನ ಬಂತು. ಈಗಲೋ, ತಾಳದ ಮುಂದಿನ ಏಟಿಗೋ? ಅನುಮಾನ ಬಂದವನು ಊದಬಾರದು. ಬಿಟ್ಟುಬಿಟ್ಟೆ. ಅಷ್ಟರಲ್ಲಿ ಎಲ್ಲರೂ ಶುರು ಮಾಡಿದ್ರು.”

“ಬೈದ್ರಾ?”

“ಬೈದಿದ್ರೆ ಚೆನ್ನಾಗಿತ್ತು. ಗಾಜಿನ ಕೋಣೆಯಿಂದ ಮ್ಯೂಸಿಕ್ ಮೇಷ್ಟ್ರು ‘ಅದೇ ಇರಲಿ, ಇನ್ನೊಂದ್ಸಲ ಬೇಡ’ ಅಂದ್ರು. ಮುಗೀತು. ಆ ಹಕ್ಕಿ ಅವತ್ತಿಂದ ಸ್ವರ ಇಲ್ಲದೇ ಕಣ್ಣು ಬಿಡ್ತಿದೆ. ನನ್ನ ತಪ್ಪಿಗೆ ಜನ ಕಾಲಿಗೆ ಬೀಳ್ತಾರೆ. ಒಂದೇ ಒಂದ್ಸಲ ಅದನ್ನ ಅದರ ಜಾಗದಲ್ಲಿ ಇಟ್ಟುಬಿಡ್ತೀನಿ. ಇನ್ನೊಂದು ಅವಕಾಶ ನನಗೆ ಬರಲ್ಲ.”

ನನಗೆ ಕನಿಕರ ಬಂತು. ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಸ್ವರಕ್ಕೆ ಪ್ರಾಣ ಕೊಡುವುದೇ? ಕೈ ಮುಗಿದೆ, ಕಣ್ಣೀರು ಹಾಕಿದೆ, ಮಗಳಿಂದ ಫೋನ್ ಮಾಡಿಸಿ ಬುದ್ಧಿ ಹೇಳಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಎಲ್ಲದಕ್ಕೂ “ಒಂದೇ ಸ್ವರ ಕಣೇ” ಅನ್ನುವುದೊಂದೇ ಉತ್ತರ.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಕನ್ನಡಕದವನ ಹತ್ತಿರ ಹೋದೆ. ಗಂಡನ ಗುಟ್ಟು ಬೀದಿಗೆ ಹಾಕುವುದು ಒಳ್ಳೆಯ ಹೆಂಗಸಿನ ಲಕ್ಷಣವಲ್ಲ, ಗೊತ್ತು. ಆದರೆ ಗಂಡನೇ ಇಲ್ಲದಿದ್ದರೆ ಗುಟ್ಟು ಇಟ್ಟುಕೊಂಡು ಏನು ಮಾಡಲಿ? ಕಣ್ಣು ಪರೀಕ್ಷಿಸುವ ಅಕ್ಷರಗಳ ಬೋರ್ಡಿನ ಕೆಳಗೆ ನಿಂತು ಎಲ್ಲ ಹೇಳಿದೆ. ಅದು ಉಸಿರಲ್ಲ, ತಪ್ಪು, ಅಲ್ಲಿ ಸ್ವರ ಇತ್ತು, ಇವರು ಅದನ್ನು ಊದಲು ಹೊರಟಿದ್ದಾರೆ, ಕಾರ್ಯಕ್ರಮ ನಿಲ್ಲಿಸು.

ಅವನು ಒಂದು ಗ್ಲಾಸು ಒರೆಸುತ್ತ ಪೂರ್ತಿ ಕೇಳಿ, ಮುದ್ದು ಮಗುವಿನ ಕಡೆ ನೋಡುವ ಹಾಗೆ ನಕ್ಕ.

“ಅಮ್ಮಾ, ಇದು ಹಳೇ ಗಾಳಿಮಾತು. ‘ಹಾರ್ನ್ ತಪ್ಪಿಸಿಕೊಂಡಿತು’ ಅನ್ನೋ ವಾದ. ನಮ್ಮ ಸಂಘದೋರು ಯಾವತ್ತೋ ಅದನ್ನ ಸುಳ್ಳು ಅಂತ ಸಾಬೀತು ಮಾಡಿದ್ದಾರೆ. ಕಳೆದ ಸಲದ ಕ್ವಿಜ್‌ನಲ್ಲೇ ಈ ಪ್ರಶ್ನೆ ಇತ್ತು.”

“ಲೋ, ಊದದೇ ಇದ್ದ ಮನುಷ್ಯನೇ ಹೇಳ್ತಿದ್ದಾನೆ!”

“ಸರ್ ದೊಡ್ಡೋರು. ವಿನಯ ಜಾಸ್ತಿ. ತಮ್ಮನ್ನ ತಾವು ಕಡಿಮೆ ಮಾಡ್ಕೋತಾರೆ.” ಅವನ ಕಣ್ಣು ತೇವವಾಯಿತು. “ಇಂಥೋರು ಎಲ್ಲಿ ಸಿಗ್ತಾರಮ್ಮಾ.”

ತಲೆ ಚಚ್ಚಿಕೊಳ್ಳಬೇಕೆನಿಸಿತು. ಇವನಿಗೆ ಹೇಳುವುದಕ್ಕಿಂತ ಇವನ ಬೋರ್ಡಿಗೆ ಹೇಳಿದ್ದರೆ ಅದಾದರೂ ಓದಿಕೊಳ್ಳುತ್ತಿತ್ತು. ಎದೆಯೊಳಗೆ ಕಲ್ಲು ಇಟ್ಟುಕೊಂಡು ವಾಪಸು ಬಂದೆ. ಅತ್ತ ದರಿ, ಇತ್ತ ಪುಲಿ. ಇವರನ್ನು ಕೋಣೆಯಲ್ಲಿ ಕೂಡಿ ಹಾಕಿದರೆ ಕೊರಗಿಯೇ ಸಾಯುತ್ತಾರೆ. ಬಿಟ್ಟರೆ ಊದಿ ಸಾಯುತ್ತಾರೆ.

ಕಾರ್ಯಕ್ರಮದ ದಿನ ಬೆಳಗ್ಗೆ ನನಗೊಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇವರು ಕ್ಷೌರಕ್ಕೆ ಹೋದಾಗ ಮಂಚದ ಕೆಳಗಿನ ಹಾರ್ನಿನ ಪೆಟ್ಟಿಗೆ ಎಳೆದು, ಬಾಯಿತುಂಡು ಕೂರುವ ಸಣ್ಣ ಕೊಳವೆಯೊಳಗೆ ಒಂದು ಚೂರು ಅಸ್ತರಿನ ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಹೆಣಿಗೆ ಕಡ್ಡಿಯಿಂದ ಒಳಗೆ ತಳ್ಳಿದೆ. ಇವರು ಮೊದಲೇ ಊದಿ ನೋಡುವ ಹಾಗಿಲ್ಲ, ಊದಿದರೆ ಇವರ ಗುಟ್ಟು ರಟ್ಟಾಗುತ್ತದಲ್ಲ. ವೇದಿಕೆಯಲ್ಲಿ ಊದುತ್ತಾರೆ, ಸದ್ದು ಬರುವುದಿಲ್ಲ, ಹಳೇ ವಾದ್ಯ ಕೆಟ್ಟಿದೆ ಅಂದುಕೊಂಡು ಬಿಡುತ್ತಾರೆ. ಜನರಿಗೆ ಉಸಿರು ಕೇಳಿಸುತ್ತದೆ, ನನಗೆ ಗಂಡ ಉಳಿಯುತ್ತಾರೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಟೌನ್‌ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಟ್ಟಿನ ರೆಕ್ಕೆ ಕಟ್ಟಿಕೊಂಡ ಅಜ್ಜಂದಿರು, ಅಪ್ಪನ ಹೆಗಲ ಮೇಲೆ ಕೂತ ಕೂಸುಗಳು. ಕ್ವಿಜ್ ಅಂತೂ ಕುಸ್ತಿಯ ಹಾಗೆ ನಡೆಯಿತು. ಬೆಟ್ಟ ಹತ್ತುವಾಗ ಹುಡುಗಿಯ ಯಾವ ಕಾಲಿನ ಚಪ್ಪಲಿ ಹರಿಯುತ್ತದೆ ಅನ್ನುವುದಕ್ಕೆ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರು. ಹೊಸ ಕೋಟಿನಲ್ಲಿ ಇವರು ಮುಂದಿನ ಸಾಲಿನಲ್ಲಿ ನಗುತ್ತ ಕೂತಿದ್ದರು. ಎಷ್ಟೋ ದಿನದ ಮೇಲೆ ಮುಖದಲ್ಲಿ ಕಳೆ ಇತ್ತು.

ಪರದೆ ಸರಿಯುವ ಮುಂಚೆ ಇವರನ್ನು ವೇದಿಕೆಯ ಮೇಲೆ ಕರೆದೊಯ್ದು ಕೂರಿಸಿದರು. ನಾನು ಪಕ್ಕದ ಮರೆಯಲ್ಲಿ ನಿಂತೆ. ಅಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹಾರ್ನಿನೊಳಗೆ ದಾರ ಕಟ್ಟಿದ ಬಟ್ಟೆ ಎಳೆದು ಒರೆಸುತ್ತಿದ್ದಳು. ಬಸ್ ಡ್ರೈವರಂತೆ, ಕೆಲಸ ಮುಗಿಸಿ ನೇರ ಬಂದಿದ್ದಳು.

“ಹಗಲೆಲ್ಲ ಬಸ್ಸಿನ ಹಾರ್ನು, ಸಂಜೆ ಇದು. ನಮ್ಮನೆಯೋರಿಗೆ ಎರಡೂ ಆಗಲ್ಲ ಆಂಟಿ” ಎಂದು ನಕ್ಕಳು.

“ಅದ್ಯಾಕಮ್ಮ ಅಷ್ಟು ಒರೆಸ್ತೀಯಾ?” ಅಂದೆ.

“ಒರೆಸೋದಲ್ಲ, ಬಟ್ಟೆ ಪೂರ್ತಿ ಹೊರಗೆ ಬಂತಾ ಅಂತ ನೋಡ್ತಿದ್ದೀನಿ. ಹೋದ ವರ್ಷ ಒಂದು ಚೂರು ಒಳಗೇ ಉಳ್ಕೊಂಡಿತ್ತು. ಗೊತ್ತಿಲ್ದೆ ಊದಿಬಿಟ್ಟೆ. ಗಾಳಿಗೆ ಹೋಗೋಕೆ ದಾರಿ ಇಲ್ಲ ನೋಡಿ, ಪೂರ್ತಿ ವಾಪಸ್ ಎದೆಗೇ ಹೊಡೀತು. ಕಣ್ಣು ಕತ್ತಲೆ ಬಂದು ಬಿದ್ದೇಬಿಟ್ಟೆ. ನನ್ನ ವಯಸ್ಸಿಗೇ ಹಾಗಾಯ್ತು. ದಾರಿ ಇರೋ ಕೊಳವೆ ಊದೋದು ಕಷ್ಟ ಅಲ್ಲ ಆಂಟಿ, ಮುಚ್ಚಿರೋದು ಊದಿದ್ರೆ ಕಥೆ ಮುಗೀತು” ಎಂದವಳೇ ವಾದ್ಯ ಎತ್ತಿಕೊಂಡು ತನ್ನ ಜಾಗಕ್ಕೆ ಓಡಿದಳು. ಪರದೆ ಸರಿಯಿತು.

ಅಯ್ಯೋ ದೇವರೇ, ಏನು ಮಾಡಿಬಿಟ್ಟೆ ನಾನು! ಊದಿದರೆ ಒಡೆಯಬಹುದು ಎಂದು ಹೆದರಿ, ಊದಿದರೆ ಒಡೆದೇ ತೀರುವ ಹಾಗೆ ಮಾಡಿದ್ದೆ. ಸದ್ದು ಬರಲಿಲ್ಲವೆಂದು ಬಿಡುವ ಗಂಡಸೇ ಅವರು? ಇನ್ನಷ್ಟು ಒತ್ತಿ ಊದುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವರು ಅವರು.

ಸಂಗೀತ ಶುರುವಾಯಿತು. ಕೆಳದನಿಯ ಪಿಟೀಲುಗಳು, ಬೆಟ್ಟದ ಬುಡ. ನನ್ನ ಪಕ್ಕದಲ್ಲೇ ಕನ್ನಡಕದವನು ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಅವನ ತೋಳು ಹಿಡಿದು ಎಳೆದೆ.

“ನಿಲ್ಸೋ! ಆ ಹಾರ್ನ್ ಒಳಗೆ ಬಟ್ಟೆ ಇದೆ. ಊದಿದ್ರೆ ಸಾಯ್ತಾರೆ.”

“ಶ್! ಸರ್ ಊದಲ್ಲಮ್ಮಾ, ಉಸಿರು ಅಷ್ಟೇ.”

“ಊದ್ತಾರೆ ಕಣೋ, ನಿನ್ನ ದಮ್ಮಯ್ಯ!”

“ಗಾಬರಿ ಆಗ್ಬೇಡಿ. ನೀರು ಕುಡೀರಿ” ಎಂದು ಬಾಟಲಿ ಕೊಟ್ಟ. ಕಣ್ಣು ವೇದಿಕೆಯಿಂದ ಕದಲಲಿಲ್ಲ.

ಸಂಗೀತ ಹತ್ತುತ್ತಿತ್ತು. ನಾನು ಪರದೆಯ ಅಂಚಿನಿಂದ ಇವರಿಗೆ ಕೈ ಬೀಸಿದೆ, ತಲೆ ಆಡಿಸಿದೆ, ಸೆರಗು ಬೀಸಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. ತೊಡೆಯ ಮೇಲೆ ಬೆರಳು ಒಂದೊಂದಾಗಿ ಮಡಿಯುತ್ತಿದ್ದವು, ಎಣಿಸುತ್ತಿದ್ದರು. ಓಡಿ ಹೋಗಿ ಕಿತ್ತುಕೊಳ್ಳೋಣವೆಂದರೆ ನಡುವೆ ಪಿಟೀಲಿನವರು, ಚೆಲ್ಲೋದವರು, ಕುರ್ಚಿ, ಸ್ಟ್ಯಾಂಡು, ತಂತಿ. ಎರಡು ಹೆಜ್ಜೆ ಇಟ್ಟವಳಿಗೆ ಒಂದು ವಯರು ಕಾಲಿಗೆ ತೊಡರಿತು. ಯಾರೋ ಹಿಂದಿನಿಂದ ರವಿಕೆಯ ತೋಳು ಹಿಡಿದರು. ಹಾರ್ನು ಮೇಲೆದ್ದಿತು. ಎಡ ಮೊಣಕೈ ಸಲೀಸಾಗಿ ಎದ್ದಿತು, ಕೋಟು ಎಲ್ಲೂ ಹಿಡಿಯಲಿಲ್ಲ. ಆ ಹಾಳು ಕೋಟನ್ನು ಅಷ್ಟು ಚೆನ್ನಾಗಿ ಹೊಲಿದವಳು ನಾನೇ.

ಎಲ್ಲ ನಿಂತಿತು.

ಇಡೀ ಸಭೆ ಒಟ್ಟಿಗೆ ಉಸಿರೆಳೆಯಿತು. ಅದರೊಳಗೂ ನನಗೆ ಇವರದು ಬೇರೆಯಾಗಿ ಕೇಳಿಸಿತು, ಮೈಕಿನಲ್ಲಿ, ಸವೆದ, ನಡುಗುವ ಉಸಿರು. ತುಟಿ ಬಾಯಿತುಂಡಿಗೆ ಕೂತಿತು. ಕೆನ್ನೆ ಬಿಗಿಯಿತು.

“ರೀ! ಊದಬೇಡಿ!”

ಅಷ್ಟು ದೊಡ್ಡ ದನಿ ನನ್ನಲ್ಲಿತ್ತು ಎಂದು ನನಗೇ ಗೊತ್ತಿರಲಿಲ್ಲ. ಸಾವಿರ ಸಲ ಸಿನಿಮಾ ನೋಡಿದವರಲ್ಲಿ ಒಬ್ಬರೂ ಒಂದು ಸಲವೂ ಕೆಮ್ಮಿರದ ಆ ಜಾಗದಲ್ಲಿ ನನ್ನ ಕೂಗು ಟೌನ್‌ಹಾಲಿನ ಸೂರಿಗೆ ಬಡಿದು ಬಂತು. ಇವರು ಬೆಚ್ಚಿ ಕಣ್ಣು ಬಿಟ್ಟರು. ತುಟಿ ಹಾರ್ನಿನಿಂದ ಜಾರಿತು. ಮರುಕ್ಷಣ ಅಷ್ಟೂ ವಾದ್ಯಗಳು ಮೊಳಗಿದವು. ಆ ಮೊಳಗಿನ ನಡುವೆ ಇವರು ಹಾರ್ನನ್ನು ಮಡಿಲಿಗೆ ಇಳಿಸಿಕೊಂಡು ನನ್ನನ್ನು ನೋಡಿದರು. ಬದುಕಿದ್ದರು. ನಾನು ಅಲ್ಲೇ ವಯರುಗಳ ಮೇಲೆ ಕುಸಿದು ಕೂತೆ.

ವೇದಿಕೆಯ ಹಿಂದಿನ ಬಣ್ಣದ ಕೋಣೆಯಲ್ಲಿ ಕೂತು, ನಾನು ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಇವರು ಬಾಯಿತುಂಡು ತೆಗೆದು, ಕೊಳವೆಯೊಳಗೆ ಒಂದು ಕಣ್ಣು ಹಾಯಿಸಿ, ಪೆಟ್ಟಿಗೆ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನುವ ಮಾತಿನ ಅರ್ಥ ನನಗೆ ಅವತ್ತು ಆಯಿತು. ಮನೆಗೆ ಬಂದ ಮೇಲೂ ಮಾತಿಲ್ಲ. ಊಟಕ್ಕೆ ಕರೆದರೆ ಬಂದು ಕೂರುವರು, ಮಾತ್ರೆ ಕೊಟ್ಟರೆ ನುಂಗುವರು. ಬಟನ್ ಹಾಕಿಸಲು ಬಂದ ಗಿರಾಕಿಯ ಜತೆ ಲೋಕಾಭಿರಾಮ ಮಾತಾಡುವರು, ಆತ ಹೋದ ಕೂಡಲೇ ಬಾಯಿಗೆ ಬೀಗ. ನಾನು ಎರಡು ದಿನ ಸಹಿಸಿ, ಮೂರನೆಯ ದಿನ “ಬದುಕಿದ್ದೀರಲ್ಲ, ಅದೇ ತಪ್ಪಾಯ್ತಾ?” ಎಂದು ಕಿರುಚಿದೆ. ಪೇಪರಿನ ಹಾಳೆ ಮಗುಚಿದ ಸದ್ದು ಬಂತು, ಅಷ್ಟೇ. ಸರಿ ಮಾಡಿದೆ ಎಂದು ತಲೆ ಹೇಳುತ್ತಿತ್ತು. ಆದರೆ ಅವರ ಒಂದೇ ಆಸೆಯನ್ನು ನಾನೇ ಕೈಯಾರೆ ಕೊಂದೆ ಅನ್ನುವುದೂ ಸುಳ್ಳಾಗಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಮಡಿಕೆಯನ್ನು ಎರಡೆರಡು ಸಲ ಬಿಚ್ಚಿದೆ.

ಒಂದು ವಾರವಾಗಿರಬೇಕು. ಕನ್ನಡಕದವನು ಅಂಗಡಿಯೊಳಗೆ ನುಗ್ಗಿದ. ಬೈಯಲು ಬಂದ, ಬೈಯಲಿ ಎಂದು ಕತ್ತರಿ ಕೆಳಗಿಟ್ಟೆ.

“ಅಮ್ಮಾ! ನೀವು ಮೊದಲೇ ಯಾಕೆ ಹೇಳ್ಲಿಲ್ಲ?”

“ಏನನ್ನ?”

“ಸರ್ ಜತೆ ಸೇರ್ಕೊಂಡು ಮಾಡಿದ್ದು ಅಂತ! ಕಥೆಯ ಮೊದಲ ಕರಡಲ್ಲಿ ಬೆಟ್ಟದ ಕೆಳಗಿಂದ ಹುಡುಗಿ ತಾಯಿ ಕೂಗ್ತಾಳಂತೆ, ‘ಎಬ್ಬಿಸಬೇಡ’ ಅಂತ. ನಮ್ಮೋರೊಬ್ರು ಕಂಡುಹಿಡಿದಿದ್ದಾರೆ. ಅದನ್ನೇ ನೀವು ಸೂಚ್ಯವಾಗಿ… ಆಹಾ! ಸೈಕಲ್ ಬೆಲ್ಲಿನೋರು ಆಗಲೇ ತಮ್ಮದರಲ್ಲಿ ಸೇರಿಸ್ಕೊಂಡಿದ್ದಾರೆ. ಒಬ್ಬಳು ಹುಡುಗಿ ಎದ್ದು ನಿಂತು ‘ರೀ ಊದಬೇಡಿ’ ಅಂತಾಳೆ. ಜನ ಅಳ್ತಾರೆ!”

“ನಿಮ್ಮ ಮನೆ ಹಾಳಾಗ! ನಾನು ಹೆದರಿ ಕೂಗಿದ್ದು ಕಣೋ!”

“ವಿನಯ” ಎಂದ ಕನ್ನಡಕದವನು, ಫೋನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಹಚ್ಚಿದ. ಪಿಟೀಲುಗಳು ಹತ್ತಿದವು, ನಿಂತವು, ಸಭೆಯ ಉಸಿರು. ಆಮೇಲೆ ನನ್ನ ಆ ದರಿದ್ರ ಕೂಗು. ನಾಚಿಕೆಯಿಂದ ಕಿವಿ ಮುಚ್ಚಿಕೊಂಡೆ.

ಒಳಗಿನ ಬಾಗಿಲು ಸರಿಯಿತು. ಇವರು ಹೊಸ್ತಿಲಲ್ಲಿ ನಿಂತಿದ್ದರು.

“ಇನ್ನೊಂದ್ಸಲ ಹಾಕು” ಅಂದರು.

ಕನ್ನಡಕದವನು ಹಾಕಿದ. ಇವರು ನಿಧಾನವಾಗಿ ಬಂದು ಮೇಜಿಗೆ ಒರಗಿ ನಿಂತು, ಸೀಮೆಸುಣ್ಣದ ಗೆರೆಗಳ ಮೇಲೆ ಬೆರಳಿನಿಂದ ಏಟು ಹಾಕುತ್ತ ಕೇಳಿದರು. ನನ್ನ ಕೂಗು ಬಂದಾಗ ಬೆರಳು ಸರಿಯಾಗಿ ಮೇಜಿಗೆ ಬಿತ್ತು. ಮತ್ತೆ ಹಾಕಿಸಿದರು. ಮತ್ತೆ ಬಿತ್ತು.

“ಅಲ್ಲೇ ಕಣೇ” ಎಂದರು. ಗೋಡೆಗೆ ಹೇಳಲಿಲ್ಲ, ಕನ್ನಡಕದವನಿಗೂ ಹೇಳಲಿಲ್ಲ, ನನಗೇ ಹೇಳಿದರು. “ಸರಿಯಾಗಿ ಅಲ್ಲೇ. ನಾನು ಬರಬೇಕಾಗಿದ್ದ ಜಾಗ. ಕೂದಲೆಳೆ ಮುಂದಿಲ್ಲ, ಹಿಂದಿಲ್ಲ. ನನ್ನ ಸ್ವರದ ಜಾಗದಲ್ಲಿ ನೀನು ಬಂದುಬಿಟ್ಟೆ.”

ಗಿರಾಕಿಗಳು ನೋಡಲಿ, ಕನ್ನಡಕದವನು ನೋಡಲಿ, ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಅಷ್ಟು ದಿನದ ಹೆದರಿಕೆಯೆಲ್ಲ ಒಟ್ಟಿಗೆ ಕಣ್ಣಿನಿಂದ ಇಳಿಯಿತು.

“ಶ್ರುತಿ ಮಾತ್ರ ನಿಮ್ಮಪ್ಪನ ಮನೇದು” ಎಂದರು ಇವರು.

“ಇನ್ನೂ ಸಿಟ್ಟಾ?” ಎಂದೆ, ಮೂಗು ಒರೆಸಿಕೊಳ್ಳುತ್ತ.

“ಇದೆ. ಇವತ್ತೆಲ್ಲ ಇರತ್ತೆ” ಎಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. “ಕಾಫಿ ಮಾಡ್ತೀಯಾ?”